ಈ ‘ದರ’ ಯಾವ ‘ದರ’? ಕೋಡ್‌ನಲ್ಲಿ ಹೆಸರು ಕಾಣುವ, ಮರೆಯಾಗುವ ನಿಯಮಗಳು

ಅಡಿಕೆ ಮಂಡಿಯ ಲೆಕ್ಕಕ್ಕೆ ಬರೆದ ಪ್ರೋಗ್ರಾಮ್ ಒಂದನ್ನು ತೆರೆದು ‘ದರ’ ಅಂತ ಹುಡುಕಿ ನೋಡಿ. ಫೈಲಿನ ತಲೆಯಲ್ಲಿ ಆ ದಿನದ ದರ, ರಾಶಿಯ ಬಿಲ್ ಮಾಡುವ ಫಂಕ್ಷನ್ನಿನಲ್ಲಿ ಕ್ವಿಂಟಾಲ್ ದರ, ಅದರೊಳಗಿನ ಲೂಪಿನಲ್ಲಿ ಒಂದೊಂದು ಚೀಲದ ದರ, ಡೇಟಾಬೇಸಿನ ಟೇಬಲಿನಲ್ಲಿ ‘ದರ’ ಅನ್ನುವ ಕಾಲಂ. ಹೆಸರು ಒಂದು, ವಸ್ತು ನಾಲ್ಕು. ಕಂಪೈಲರಿಗೆ ಇದರಲ್ಲಿ ಗೊಂದಲವೇ ಇಲ್ಲ, ಅದರ ಹತ್ತಿರ ಖಚಿತ ನಿಯಮವಿದೆ. ಆ ನಿಯಮವನ್ನು ಓದುವವರು ಬೇರೆ ರೀತಿ ಊಹಿಸಿಕೊಂಡಾಗ ಬಿಲ್ ತಪ್ಪುತ್ತದೆ. ಆಮೇಲೆ ನಾವು ದೋಷವನ್ನು ಗುಣಾಕಾರದಲ್ಲಿ ಹುಡುಕುತ್ತಾ ಕೂರುತ್ತೇವೆ, ಅದು ಇರುವುದು ಹೆಸರಿನಲ್ಲಿ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮಂಡಿಗೆ, ಸಹಕಾರ ಸಂಘಕ್ಕೆ, ಅಂಗಡಿಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಬರೆಯುವವರಿಗೆ ಮತ್ತು ಕಾಲೇಜಿನಲ್ಲಿ ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಕಲಿಯುತ್ತಿರುವವರಿಗೆ ಈ ಕೈಪಿಡಿ. ಉದಾಹರಣೆಗಳಲ್ಲಿ ಕೀವರ್ಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕೋಡ್ ಬರೆಯುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ವೇರಿಯೇಬಲ್ ಹೆಸರುಗಳು ಮಾತ್ರ ಇಲ್ಲಿರುವಂತೆ ಕನ್ನಡದಲ್ಲೇ ಇದ್ದರೂ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಒಪ್ಪುತ್ತವೆ.

ಮೂಲ ನಿಯಮ

ಹೆಸರೊಂದು ಸಿಕ್ಕಾಗ ಭಾಷೆ ಅದನ್ನು ಒಳಗಿನಿಂದ ಹೊರಗೆ ಹುಡುಕುತ್ತದೆ: ಈ ಬ್ಲಾಕ್, ಅದನ್ನು ಸುತ್ತುವರಿದ ಬ್ಲಾಕ್, ಫಂಕ್ಷನ್, ಕ್ಲಾಸ್, ಫೈಲ್, ಕೊನೆಗೆ ಭಾಷೆಯೇ ಕೊಟ್ಟಿರುವ ಹೆಸರುಗಳು. ಮೊದಲು ಎಲ್ಲಿ ಸಿಗುತ್ತದೋ ಅಲ್ಲಿಗೆ ಹುಡುಕಾಟ ಮುಗಿಯಿತು. ಮನೆಯೊಳಗೆ ನಿಂತು ‘ಮಂಜ’ ಅಂತ ಕೂಗಿದರೆ ಓಗೊಡುವುದು ಮನೆಯ ಮಂಜನೇ, ಊರಲ್ಲಿ ಇನ್ನೂ ನಾಲ್ವರು ಮಂಜಂದಿರಿದ್ದರೂ. ಬ್ಲಾಕ್‌ನೊಳಗೆ ಬ್ಲಾಕ್ ಇಡುವ ಈ ಪದ್ಧತಿ 1960ರ ಆಲ್ಗಾಲ್ 60ರಿಂದ ಬಂದದ್ದು. ಇವತ್ತು ಬಳಕೆಯಲ್ಲಿರುವ ಬಹುತೇಕ ಭಾಷೆಗಳು ಇದನ್ನೇ ತಮ್ಮ ತಮ್ಮ ತಿದ್ದುಪಡಿಯೊಂದಿಗೆ ಪಾಲಿಸುತ್ತವೆ.

ಇಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದದ್ದು ‘ಮುಗಿಯಿತು’ ಅನ್ನುವುದನ್ನು. ಸಿಕ್ಕಿದ ಹೆಸರು ನಮಗೆ ಬೇಕಾದ ಟೈಪಿನದ್ದೇ, ಅದಕ್ಕೆ ಬೆಲೆ ಬಂದಿದೆಯೇ, ಅದನ್ನು ಮುಟ್ಟಲು ನಮಗೆ ಅನುಮತಿ ಇದೆಯೇ ಎಂಬುದನ್ನೆಲ್ಲ ನೋಡುವುದು ಆಮೇಲೆ. ಸಿಕ್ಕಿದ್ದು ಕೆಲಸಕ್ಕೆ ಬರದಿದ್ದರೆ ಭಾಷೆ ಎರರ್ ಕೊಡುತ್ತದೆಯೇ ಹೊರತು ಮತ್ತೆ ಹೊರಗೆ ಹೋಗಿ ಇನ್ನೊಂದನ್ನು ಹುಡುಕಿ ತರುವುದಿಲ್ಲ. ಕೆಳಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಒಂದು ಸಂಗತಿಯಿಂದ.

ಹಾಗೆಯೇ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಈ ಜಾಗದಿಂದ ಹೆಸರು ಕಾಣುತ್ತದೆಯೇ, ಅದು ಸ್ಕೋಪ್. ಕಂಡರೂ ಬಳಸಬಹುದೇ, ಅದು ಪಬ್ಲಿಕ್, ಪ್ರೈವೇಟ್ ಮುಂತಾದ ಪ್ರವೇಶದ ವಿಷಯ. ಅದರ ಹಿಂದಿನ ಮೆಮೊರಿ ಎಷ್ಟು ಹೊತ್ತು ಉಳಿಯುತ್ತದೆ, ಅದು ಆಯಸ್ಸು. ಸಿ ಭಾಷೆಯಲ್ಲಿ ಫಂಕ್ಷನ್ನಿನೊಳಗೆ ‘ಸ್ಟ್ಯಾಟಿಕ್’ ಅಂತ ಬರೆದ ವೇರಿಯೇಬಲ್ ಆ ಫಂಕ್ಷನ್ನಿಗೆ ಮಾತ್ರ ಕಾಣುತ್ತದೆ, ಆದರೆ ಪ್ರೋಗ್ರಾಮ್ ಮುಗಿಯುವ ತನಕ ಬದುಕಿರುತ್ತದೆ.

ಪೈಥಾನ್

ಹುಡುಕುವ ಕ್ರಮ ನಾಲ್ಕು ಹಂತ: ಫಂಕ್ಷನ್ನಿನ ಒಳಗೆ, ಸುತ್ತಲಿನ ಫಂಕ್ಷನ್ನುಗಳು, ಮಾಡ್ಯೂಲ್ (ಅಂದರೆ ಇಡೀ ಫೈಲು), ಕೊನೆಗೆ ಬಿಲ್ಟ್‌ಇನ್, ಅಂದರೆ ಭಾಷೆಯೇ ಕೊಟ್ಟಿರುವ ಹೆಸರುಗಳು. ಇಫ್, ಫಾರ್, ವೈಲ್ ಇವು ಹೊಸ ಸ್ಕೋಪ್ ಮಾಡುವುದಿಲ್ಲ. ಲೂಪಿನ ವೇರಿಯೇಬಲ್ ಲೂಪ್ ಮುಗಿದ ಮೇಲೂ ಕೊನೆಯ ಬೆಲೆ ಹೊತ್ತುಕೊಂಡು ಉಳಿದಿರುತ್ತದೆ. ಎಲ್ಲರೂ ಮೊದಲು ಎಡವುವ ಜಾಗ ಇದು:

ಒಟ್ಟು = 0
ಡೆಫ್ ಸೇರಿಸು(ತೂಕ):
    ಒಟ್ಟು = ಒಟ್ಟು + ತೂಕ

ಕರೆದ ಕೂಡಲೇ ‘ಅನ್‌ಬೌಂಡ್ ಲೋಕಲ್ ಎರರ್’. ಫಂಕ್ಷನ್ನಿನೊಳಗೆ ಎಲ್ಲೇ ಆಗಲಿ ಒಂದು ಹೆಸರಿಗೆ ಬೆಲೆ ಕೊಟ್ಟರೆ, ಆ ಹೆಸರು ಇಡೀ ಫಂಕ್ಷನ್ನಿಗೆ ಲೋಕಲ್ ಎಂದು ಪೈಥಾನ್ ಕಂಪೈಲ್ ಮಾಡುವಾಗಲೇ ತೀರ್ಮಾನಿಸುತ್ತದೆ. ಹಾಗಾಗಿ ಬಲಗಡೆಯ ‘ಒಟ್ಟು’ ಕೂಡ ಒಳಗಿನದ್ದೇ, ಅದಕ್ಕಿನ್ನೂ ಬೆಲೆ ಬಂದಿಲ್ಲ. ಬೆಲೆ ಕೊಡುವ ಸಾಲು ಕೆಳಗಿದ್ದು, ಮೇಲೆ ಬರೀ ಪ್ರಿಂಟ್ ಮಾಡಿದ್ದರೂ ಇದೇ ಎರರ್. ಪಟ್ಟಿಗೆ ‘ಅಪೆಂಡ್’ ಮಾಡಿದರೆ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಹೆಸರಿಗೆ ಹೊಸ ಬೆಲೆ ಕೊಡುತ್ತಿಲ್ಲ. ಅದೇ ಪಟ್ಟಿಗೆ += ಹಾಕಿ ನೋಡಿ, ಮತ್ತೆ ಅದೇ ಎರರ್.

ಪರಿಹಾರದಲ್ಲಿ ಮೊದಲ ಆಯ್ಕೆ, ಒಟ್ಟನ್ನು ಆರ್ಗ್ಯುಮೆಂಟ್ ಆಗಿ ಕೊಟ್ಟು ರಿಟರ್ನ್ ಮಾಡುವುದು. ಅದು ಆಗದಿದ್ದರೆ ಮಾಡ್ಯೂಲಿನ ಹೆಸರಿಗೆ ‘ಗ್ಲೋಬಲ್’, ಸುತ್ತಲಿನ ಫಂಕ್ಷನ್ನಿನ ಹೆಸರಿಗೆ ಪೈಥಾನ್ 3ರಲ್ಲಿ ಬಂದ ‘ನಾನ್‌ಲೋಕಲ್’. ಇವೆರಡನ್ನೂ ಕೈಗೆ ಸಿಕ್ಕಂತೆ ಬಳಸುವ ಕೋಡನ್ನು ಆರು ತಿಂಗಳ ನಂತರ ಬರೆದವರೇ ಬಿಡಿಸಲಾರರು.

ಬಿಲ್ಟ್‌ಇನ್ ಹೆಸರುಗಳನ್ನು ಮರೆಮಾಡುವುದು ಇನ್ನೊಂದು. ಮೊತ್ತ ಇಡಲು ‘ಸಮ್’ ಅಂತಲೋ, ಪಟ್ಟಿಗೆ ‘ಲಿಸ್ಟ್’ ಅಂತಲೋ ಹೆಸರಿಟ್ಟರೆ ಆಮೇಲೆ ನಿಜವಾದ ಸಮ್ ಫಂಕ್ಷನ್ ಕರೆದಾಗ ‘ಇಂಟ್ ಆಬ್ಜೆಕ್ಟ್ ಕಾಲ್ ಮಾಡಲು ಬರುವುದಿಲ್ಲ’ ಎಂಬ ಟೈಪ್ ಎರರ್ ಬರುತ್ತದೆ. ಜುಪಿಟರ್ ಥರದ ನೋಟ್‌ಬುಕ್‌ನಲ್ಲಿ ಕೆಲಸ ಮಾಡುವಾಗ ಇದು ಸಿಟ್ಟು ತರಿಸುವಂಥದ್ದು, ಏಕೆಂದರೆ ತಪ್ಪಿನ ಸಾಲನ್ನು ಅಳಿಸಿದರೂ ಹೆಸರು ಮೆಮೊರಿಯಲ್ಲಿ ಉಳಿದಿರುತ್ತದೆ. ‘ಡೆಲ್ ಸಮ್’ ಅಂತ ಒಂದು ಸಲ ಓಡಿಸಿದರೆ ನಮ್ಮದು ಅಳಿದು ಬಿಲ್ಟ್‌ಇನ್ ಮತ್ತೆ ಕಾಣುತ್ತದೆ. ಫೈಲಿನ ಹೆಸರಿಗೂ ಇದೇ ಕಥೆ: ನಿಮ್ಮ ಫೈಲಿಗೆ ‘ರ್‍ಯಾಂಡಮ್’ ಎಂದು ಹೆಸರಿಟ್ಟರೆ ಭಾಷೆಯ ಜೊತೆ ಬಂದ ಅದೇ ಹೆಸರಿನ ಮಾಡ್ಯೂಲ್ ಮರೆಯಾಗಿ, ಇಂಪೋರ್ಟ್ ಆಗುವುದು ನಿಮ್ಮ ಫೈಲೇ. ಪೈಥಾನ್ 3.13ರಿಂದ ಎರರ್ ಸಂದೇಶದಲ್ಲೇ ಈ ಸುಳಿವು ಸಿಗುತ್ತದೆ, ಹಳೆಯ ಆವೃತ್ತಿಯಲ್ಲಿ ನೀವೇ ಹುಡುಕಬೇಕು.

ಕಡಿಮೆ ಜನ ಗಮನಿಸುವ ಎರಡು ವಿಷಯ. ಕ್ಲಾಸಿನ ಒಳಗೆ ನೇರವಾಗಿ ಬರೆದ ‘ದರ’ ಅದರ ಮೆಥಡ್‌ಗಳಿಗೆ ಬರೀ ಹೆಸರಿನಿಂದ ಕಾಣುವುದಿಲ್ಲ, ‘ಸೆಲ್ಫ್.ದರ’ ಅಂತಲೋ ಕ್ಲಾಸಿನ ಹೆಸರಿನ ಮೂಲಕವೋ ಕೇಳಬೇಕು. ಮಾಡ್ಯೂಲಿನಲ್ಲೂ ಒಂದು ‘ದರ’ ಇದ್ದರೆ ಎರರ್ ಕೂಡ ಬರದೆ ಅದೇ ಸಿಗುತ್ತದೆ. ಇನ್ನೊಂದು, ‘ಎಕ್ಸೆಪ್ಟ್ ... ಆ್ಯಸ್ ತಪ್ಪು’ ಎಂದು ಬರೆದರೆ ಆ ಬ್ಲಾಕ್ ಮುಗಿದಾಗ ‘ತಪ್ಪು’ ಹೆಸರೇ ಅಳಿಸಿಹೋಗುತ್ತದೆ. ಅದೇ ಫಂಕ್ಷನ್ನಿನಲ್ಲಿ ಮೊದಲೇ ‘ತಪ್ಪು’ ಅನ್ನುವ ವೇರಿಯೇಬಲ್ ಇದ್ದಿದ್ದರೆ ಅದೂ ಹೋಯಿತು.

ಜಾವಾಸ್ಕ್ರಿಪ್ಟ್, ಗೋ, ಶೆಲ್

ಜಾವಾಸ್ಕ್ರಿಪ್ಟಿನಲ್ಲಿ ‘ವಾರ್’ ಇಡೀ ಫಂಕ್ಷನ್ನಿಗೆ ಸೇರಿದ್ದು, 2015ರಲ್ಲಿ ಬಂದ ‘ಲೆಟ್’, ‘ಕಾನ್ಸ್ಟ್’ ಬ್ಲಾಕಿಗೆ ಸೇರಿದ್ದು. ಹೊರಗೆ ‘ಲೆಟ್ ದರ = 48000’ ಇದೆ; ಒಳಗಿನ ಬ್ಲಾಕಿನಲ್ಲಿ ಮೊದಲು ದರ ಪ್ರಿಂಟ್ ಮಾಡಿ, ಮುಂದಿನ ಸಾಲಿನಲ್ಲಿ ‘ಲೆಟ್ ದರ = 50000’ ಎಂದಿದ್ದೀರಿ. ಪ್ರಿಂಟ್ ಆಗುವುದು 48000 ಅಲ್ಲ, ‘ರೆಫರೆನ್ಸ್ ಎರರ್’ ಬರುತ್ತದೆ. ಬೆಲೆ ಇನ್ನೂ ಬಂದಿಲ್ಲದಿದ್ದರೂ ಹುಡುಕಾಟ ಒಳಗಿನ ಹೆಸರಿಗೇ ನಿಂತುಬಿಟ್ಟಿದೆ. ಘೋಷಿಸದ ಹೆಸರಿಗೆ ಬೆಲೆ ಕೊಟ್ಟರೆ ಹಳೆಯ ಶೈಲಿಯ ಸ್ಕ್ರಿಪ್ಟಿನಲ್ಲಿ ಸದ್ದಿಲ್ಲದೆ ಗ್ಲೋಬಲ್ ಹುಟ್ಟುತ್ತದೆ. ಫೈಲನ್ನು ಮಾಡ್ಯೂಲ್ ಮಾಡಿ, ಇಲ್ಲವೇ ತಲೆಯಲ್ಲಿ ‘ಯೂಸ್ ಸ್ಟ್ರಿಕ್ಟ್’ ಹಾಕಿ; ಆಗ ಅದು ಎರರ್ ಆಗಿ ಕಣ್ಣಿಗೆ ಬೀಳುತ್ತದೆ.

ಗೋ ಭಾಷೆಯಲ್ಲಿ ಅಪಾಯ ಇರುವುದು := ಚಿಹ್ನೆಯಲ್ಲಿ. ಹೊರಗೆ ‘ದರ’ಕ್ಕೆ 0 ಕೊಟ್ಟು, ಇಫ್ ಒಳಗೆ ‘ದರ := 48000’ ಎಂದು ಬರೆದರೆ ಹುಟ್ಟುವುದು ಹೊಸ ದರ; ಬ್ಲಾಕ್ ಮುಗಿದಾಗ ಹೊರಗಿನದ್ದು 0 ಆಗಿಯೇ ಉಳಿದಿರುತ್ತದೆ. ಒಳಗಿನದನ್ನು ಎಲ್ಲೂ ಬಳಸದಿದ್ದರೆ ಕಂಪೈಲರ್ ತಡೆಯುತ್ತದೆ. ಒಂದು ಪ್ರಿಂಟ್ ಹಾಕಿದ್ದರೆ ‘ಬಳಸಿದೆ’ ಎಂದು ಸುಮ್ಮನಾಗುತ್ತದೆ. ಬೆಲೆ ಮತ್ತು ಎರರ್ ಎರಡನ್ನೂ ಒಟ್ಟಿಗೆ ಪಡೆಯುವ ಸಾಲುಗಳಲ್ಲಿ ಇದು ಹೆಚ್ಚು, ಏಕೆಂದರೆ ಅಲ್ಲಿ := ಹಾಕುವುದು ಕೈಗೆ ಅಭ್ಯಾಸವಾಗಿರುತ್ತದೆ. ಎರರಿಗೆ ವೇರಿಯೇಬಲನ್ನು ಮೊದಲೇ ಘೋಷಿಸಿ, ಒಳಗೆ ಬರೀ = ಬಳಸಿ.

ಬ್ಯಾಷ್ ಶೆಲ್ ಮೂಲ ನಿಯಮಕ್ಕೇ ಹೊರತು. ಅಲ್ಲಿ ‘ಲೋಕಲ್’ ಎಂದು ಬರೆದ ವೇರಿಯೇಬಲ್, ಆ ಫಂಕ್ಷನ್ ಕರೆಯುವ ಬೇರೆ ಫಂಕ್ಷನ್ನುಗಳಿಗೂ ಕಾಣುತ್ತದೆ. ಕೋಡ್ ಎಲ್ಲಿ ಬರೆದಿದೆ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ, ಯಾರು ಕರೆದರು ಅನ್ನುವುದೇ ಮುಖ್ಯ.

ಜಾವಾ ಮತ್ತು ಸಿ++: ಕ್ಲಾಸುಗಳ ನಡುವಿನ ಮರೆ

ಜಾವಾದಲ್ಲಿ ಲೋಕಲ್ ವೇರಿಯೇಬಲ್ ಇನ್ನೊಂದು ಲೋಕಲನ್ನು ಒಳಗಿನ ಬ್ಲಾಕಿನಲ್ಲಿ ಮರೆಮಾಡಲು ಕಂಪೈಲರ್ ಬಿಡುವುದಿಲ್ಲ. ಆದರೆ ಪ್ಯಾರಾಮೀಟರ್ ಹೆಸರು ಫೀಲ್ಡನ್ನು, ಅಂದರೆ ಕ್ಲಾಸಿನಲ್ಲೇ ಘೋಷಿಸಿದ ವೇರಿಯೇಬಲನ್ನು, ಮರೆಮಾಡಬಹುದು. ಕನ್‌ಸ್ಟ್ರಕ್ಟರಿನಲ್ಲಿ ‘ದಿಸ್.ತೂಕ = ತೂಕ’ ಬರೆಯುವ ಬದಲು ‘ತೂಕ = ತೂಕ’ ಎಂದರೆ ಪ್ಯಾರಾಮೀಟರ್ ತನಗೆ ತಾನೇ ಬೆಲೆ ಕೊಟ್ಟುಕೊಂಡು ಫೀಲ್ಡ್ 0 ಆಗಿಯೇ ಉಳಿಯುತ್ತದೆ. ಫೀಲ್ಡಿಗೆ ‘ಫೈನಲ್’ ಹಾಕಿ ಇಡಿ. ಆಗ ಅದಕ್ಕೆ ಬೆಲೆ ಬಂದಿಲ್ಲ ಎಂದು ಕಂಪೈಲ್ ಮಾಡುವಾಗಲೇ ಎರರ್ ಬರುತ್ತದೆ, ಚೀಲಗಳ ತೂಕವೆಲ್ಲ ಸೊನ್ನೆಯಾದ ಬಿಲ್ ಬೆಳೆಗಾರರ ಕೈಗೆ ಹೋಗುವುದಿಲ್ಲ.

ಮೆಥಡ್ ಮತ್ತು ಫೀಲ್ಡ್ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ‘ಜಲಾಶಯ’ ಅನ್ನುವ ಕ್ಲಾಸಿನಲ್ಲಿ ‘ಗರಿಷ್ಠ_ಮಟ್ಟ = 0’, ಅದನ್ನು ವಿಸ್ತರಿಸಿದ ‘ಲಿಂಗನಮಕ್ಕಿ’ ಕ್ಲಾಸಿನಲ್ಲಿ ‘ಗರಿಷ್ಠ_ಮಟ್ಟ = 1819’, ಅಡಿ ಲೆಕ್ಕದಲ್ಲಿ. ಜಲಾಶಯ ಕ್ಲಾಸಿನ ವರದಿ ಮೆಥಡನ್ನು ಲಿಂಗನಮಕ್ಕಿ ಆಬ್ಜೆಕ್ಟಿನ ಮೇಲೆ ಕರೆದರೆ ಬರುವುದು 0. ಆಬ್ಜೆಕ್ಟಿನೊಳಗೆ ಈಗ ಎರಡು ಗರಿಷ್ಠ_ಮಟ್ಟಗಳಿವೆ. ಯಾವುದು ಎಂಬುದು ಬರೆದ ಜಾಗದ ಟೈಪ್ ಮೇಲೆ ತೀರ್ಮಾನವಾಗುತ್ತದೆ, ಓಡುವಾಗಿನ ಆಬ್ಜೆಕ್ಟ್ ಮೇಲೆ ಅಲ್ಲ. ಫೀಲ್ಡನ್ನು ಎರಡನೇ ಸಲ ಘೋಷಿಸಬೇಡಿ. ಬೆಲೆಯನ್ನು ಕನ್‌ಸ್ಟ್ರಕ್ಟರ್ ಮೂಲಕ ಮೇಲಿನ ಕ್ಲಾಸಿಗೆ ಕೊಡಿ, ಇಲ್ಲವೇ ಬೆಲೆ ಹಿಂತಿರುಗಿಸುವ ಮೆಥಡ್ ಮಾಡಿ ಅದನ್ನು ಓವರ್‌ರೈಡ್ ಮಾಡಿ, ಅಂದರೆ ಕೆಳಗಿನ ಕ್ಲಾಸಿನಲ್ಲಿ ಅದೇ ಮೆಥಡನ್ನು ಹೊಸದಾಗಿ ಬರೆಯಿರಿ. ಸ್ಟ್ಯಾಟಿಕ್ ಮೆಥಡ್‌ಗಳೂ ಫೀಲ್ಡಿನಂತೆಯೇ ಮರೆಯಾಗುತ್ತವೆ, ಓವರ್‌ರೈಡ್ ಆಗುವುದಿಲ್ಲ.

ಸಿ++ ಇದಕ್ಕಿಂತ ಕಠಿಣ. ಮೇಲಿನ ಕ್ಲಾಸಿನಲ್ಲಿ ‘ಬಿಲ್’ ಫಂಕ್ಷನ್ ಡಬಲ್ ತೆಗೆದುಕೊಳ್ಳುತ್ತದೆ, ಕೆಳಗಿನ ಕ್ಲಾಸಿನಲ್ಲಿ ಅದೇ ಹೆಸರಿನ ‘ಬಿಲ್’ ಇಂಟ್ ತೆಗೆದುಕೊಳ್ಳುತ್ತದೆ. ಕೆಳಗಿನ ಕ್ಲಾಸಿನ ಆಬ್ಜೆಕ್ಟಿನ ಮೇಲೆ 52.75 ಕಿಲೋ ಕೊಟ್ಟು ಕರೆದರೆ ಎರಡರಲ್ಲಿ ಸರಿಯಾದದ್ದನ್ನು ಆರಿಸುತ್ತದೆ ಎಂದು ಅನಿಸುತ್ತದೆ. ಹಾಗಾಗುವುದಿಲ್ಲ. ಹೆಸರು ಕೆಳಗೇ ಸಿಕ್ಕಿತು, ಹುಡುಕಾಟ ಮುಗಿಯಿತು, ಮೇಲಿನ ‘ಬಿಲ್’ ಆಯ್ಕೆಯ ಪಟ್ಟಿಗೇ ಬರಲಿಲ್ಲ. 52.75 ಇಂಟ್ ಆಗಿ 52ಕ್ಕೆ ಇಳಿಯಿತು. ಬೆಳೆಗಾರರಿಗೆ ಮುಕ್ಕಾಲು ಕಿಲೋ ನಷ್ಟ, ಪರದೆಯ ಮೇಲೆ ಎರರ್ ಇಲ್ಲ. ಕೆಳಗಿನ ಕ್ಲಾಸಿನೊಳಗೆ ‘ಯೂಸಿಂಗ್ ಆಧಾರ::ಬಿಲ್;’ ಎಂಬ ಒಂದು ಸಾಲು ಹಾಕಿದರೆ, ಆಧಾರ ಅನ್ನುವುದು ಮೇಲಿನ ಕ್ಲಾಸಿನ ಹೆಸರು, ಎರಡೂ ಆಯ್ಕೆಗೆ ಸಿಗುತ್ತವೆ. ಕೆಳಗಿನ ‘ಬಿಲ್’ ಪ್ರೈವೇಟ್ ಆಗಿದ್ದರೂ ಮೇಲಿನ ಪಬ್ಲಿಕ್ ‘ಬಿಲ್’ ಸಿಗುವುದಿಲ್ಲ, ಎರರ್ ಬರುತ್ತದೆ. ಕ್ರಮ ಹೀಗಿದೆ: ಮೊದಲು ಹೆಸರು, ಆಮೇಲೆ ಯಾವ ಓವರ್‌ಲೋಡ್ (ಒಂದೇ ಹೆಸರಿನ ಫಂಕ್ಷನ್ನುಗಳಲ್ಲಿ ಯಾವುದು), ಕೊನೆಗೆ ಅನುಮತಿ.

ಎಸ್‌ಕ್ಯೂಎಲ್: ಎಲ್ಲಕ್ಕಿಂತ ದುಬಾರಿ ತಪ್ಪು

ಸ್ಕೋಪ್ ಅಂದರೆ ಪ್ರೋಗ್ರಾಮಿಂಗ್ ಭಾಷೆಯದ್ದು ಮಾತ್ರ ಎಂದುಕೊಂಡವರಿಗೆ ಡೇಟಾಬೇಸ್ ದೊಡ್ಡ ಪಾಠ ಕಲಿಸುತ್ತದೆ. ಒಬ್ಬ ಬೆಳೆಗಾರನ ಬಾಕಿ ಚುಕ್ತಾ ಮಾಡುವ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸಿನೊಳಗೇ ಉಳಿಸಿಟ್ಟ ಪ್ರೋಗ್ರಾಮ್) ಇದೆ, ಅದರ ಪ್ಯಾರಾಮೀಟರಿಗೆ ಕಾಲಮಿನ ಹೆಸರನ್ನೇ ಇಟ್ಟಿದೆ:

ಅಪ್‌ಡೇಟ್ ಖಾತೆ ಸೆಟ್ ಬಾಕಿ = 0
ವೇರ್ ಬೆಳೆಗಾರ_ಸಂಖ್ಯೆ = ಬೆಳೆಗಾರ_ಸಂಖ್ಯೆ;

ಒರಾಕಲ್‌ನಲ್ಲಿ ಎಸ್‌ಕ್ಯೂಎಲ್ ಸಾಲಿನೊಳಗೆ ಕಾಲಮಿಗೆ ಮೊದಲ ಹಕ್ಕು, ಎರಡೂ ಕಡೆ ಕಾಲಂ ಎಂದೇ ಓದುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಪ್ರೊಸೀಜರಿನ ವೇರಿಯೇಬಲಿಗೆ ಮೊದಲ ಹಕ್ಕು, ಎರಡೂ ಕಡೆ ಪ್ಯಾರಾಮೀಟರ್ ಎಂದೇ ಓದುತ್ತದೆ. ನಿಯಮ ತದ್ವಿರುದ್ಧ, ಫಲ ಒಂದೇ: ಷರತ್ತು ಎಲ್ಲ ಸಾಲಿಗೂ ನಿಜವಾಗಿ, ಖಾತೆಯಲ್ಲಿರುವ ಎಲ್ಲರ ಬಾಕಿ ಸೊನ್ನೆ. ಪೋಸ್ಟ್‌ಗ್ರೆಸ್ ಮಾತ್ರ ಆವೃತ್ತಿ 9.0ರಿಂದ ಇಂಥ ಕಡೆ ಹೆಸರು ಅಸ್ಪಷ್ಟ ಎಂದು ಎರರ್ ಕೊಟ್ಟು ನಿಲ್ಲಿಸುತ್ತದೆ, ಮತ್ತು ಅದೇ ಸರಿಯಾದ ನಡೆ. ಪ್ಯಾರಾಮೀಟರ್‌ಗಳಿಗೆಲ್ಲ ‘ಪಿ_’ ಥರದ ಮುಂಗುರುತು ಹಾಕಿ, ಕಾಲಮಿನ ಹಿಂದೆ ಟೇಬಲಿನ ಹೆಸರು ಹಾಕಿ: ‘ವೇರ್ ಖಾತೆ.ಬೆಳೆಗಾರ_ಸಂಖ್ಯೆ = ಪಿ_ಬೆಳೆಗಾರ_ಸಂಖ್ಯೆ’.

ಎರಡನೆಯದು ಪ್ರೊಸೀಜರ್ ಇಲ್ಲದೆಯೂ ಆಗುವಂಥದ್ದು:

ಡಿಲೀಟ್ ಫ್ರಮ್ ಬಿಲ್ ವೇರ್ ಬೆಳೆಗಾರ_ಸಂಖ್ಯೆ ಇನ್
(ಸೆಲೆಕ್ಟ್ ಬೆಳೆಗಾರ_ಸಂಖ್ಯೆ ಫ್ರಮ್ ಮುಚ್ಚಿದ_ಖಾತೆ);

ಮುಚ್ಚಿದ_ಖಾತೆ ಟೇಬಲಿನಲ್ಲಿ ಆ ಕಾಲಮಿನ ಹೆಸರು ‘ಖಾತೆ_ಸಂಖ್ಯೆ’ ಎಂದಿದ್ದರೆ ಎರರ್ ಬರಬೇಕಿತ್ತಲ್ಲವೇ? ಬರುವುದಿಲ್ಲ. ಒಳಗಿನ ಟೇಬಲಿನಲ್ಲಿ ಸಿಗದ ಹೆಸರನ್ನು ಎಸ್‌ಕ್ಯೂಎಲ್ ಹೊರಗಿನ ಕ್ವೆರಿಯಲ್ಲಿ ಹುಡುಕುತ್ತದೆ, ‘ಬಿಲ್’ ಟೇಬಲಿನಲ್ಲಿ ಅದು ಸಿಗುತ್ತದೆ. ಹೀಗೆ ಪ್ರತಿ ಬಿಲ್ಲಿನ ಸಂಖ್ಯೆಯೂ ತನ್ನನ್ನೇ ಹೋಲಿಸಿಕೊಳ್ಳುತ್ತದೆ. ಮುಚ್ಚಿದ_ಖಾತೆಯಲ್ಲಿ ಒಂದೇ ಒಂದು ಸಾಲಿದ್ದರೂ ಸಾಕು, ಬೆಳೆಗಾರ_ಸಂಖ್ಯೆ ಇರುವ ಬಿಲ್‌ಗಳೆಲ್ಲ ಅಳಿಯುತ್ತವೆ. ಅಳಿಸುವ ಮುನ್ನ ಬ್ರ್ಯಾಕೆಟ್ಟಿನೊಳಗಿನ ಸೆಲೆಕ್ಟನ್ನು ಅದೊಂದನ್ನೇ ಓಡಿಸಿ. ಹೆಸರು ತಪ್ಪಿದ್ದರೆ ಅಲ್ಲೇ ಎರರ್ ಬರುತ್ತದೆ. ಟೇಬಲಿಗೆ ಚಿಕ್ಕ ಹೆಸರು ಕೊಟ್ಟು ‘ಮು.ಬೆಳೆಗಾರ_ಸಂಖ್ಯೆ’ ಎಂದು ಬರೆದರೆ ಹೊರಗೆ ಹೋಗುವ ದಾರಿಯೇ ಮುಚ್ಚುತ್ತದೆ. ಟ್ರಾನ್ಸಾಕ್ಷನ್ ಶುರು ಮಾಡಿ, ಎಷ್ಟು ಸಾಲು ಬದಲಾಯಿತು ನೋಡಿ, ಆಮೇಲೆ ಕಮಿಟ್ ಮಾಡಿ.

ಕನ್ನಡದಲ್ಲಿ ಹೆಸರಿಡುವವರಿಗೆ

ಕನ್ನಡದ ಹೆಸರುಗಳು ಕೋಡ್‌ನಲ್ಲಿ ನಡೆಯುತ್ತವೆ, ಶಾಲೆಯ ಮಕ್ಕಳಿಗೆ ಕಲಿಸುವಾಗ ಬಹಳ ಚೆನ್ನಾಗಿಯೂ ನಡೆಯುತ್ತವೆ. ಆದರೆ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರು ಭಾಷೆಗೆ ಬೇರೆ ಬೇರೆ ಆಗಿರಬಹುದು.

‘ಚೀಲ’ ಪದದ ದೀರ್ಘವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಗುಡಿಸು ಮತ್ತು ದೀರ್ಘದ ಚಿಹ್ನೆ ಎರಡಾಗಿ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸಿದ ಪಠ್ಯದಲ್ಲಿ ಎರಡನೆಯ ರೂಪ ಬರಬಹುದು. ಪೈಥಾನ್ ಹೆಸರುಗಳನ್ನು ಓದುವಾಗಲೇ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಜಾವಾಸ್ಕ್ರಿಪ್ಟ್ ತರುವುದಿಲ್ಲ, ಅಲ್ಲಿ ಅವು ಎರಡು ವೇರಿಯೇಬಲ್. ಒತ್ತಕ್ಷರ ಆಗದಂತೆ ತಡೆಯಲು ಹಾಕುವ, ಕಣ್ಣಿಗೆ ಕಾಣದ ಸೊನ್ನೆ ಅಗಲದ ಅಕ್ಷರವನ್ನೂ ಜಾವಾಸ್ಕ್ರಿಪ್ಟ್ ಹೆಸರಿನೊಳಗೆ ಒಪ್ಪುತ್ತದೆ, ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಹೆಸರುಗಳಿಗೆ ಆ ಅಕ್ಷರ ಬೇಡದ ಪದಗಳನ್ನೇ ಆರಿಸಿ, ಪರಿವರ್ತಿಸಿದ ಪಠ್ಯದಿಂದ ನಕಲು ಮಾಡದೆ ಒಂದೇ ಕೀಬೋರ್ಡಿನಲ್ಲಿ ಹೊಡೆಯಿರಿ.

ಗೋ ಭಾಷೆ ಕನ್ನಡಕ್ಕೆ ಇನ್ನೂ ಬಿಗಿ. ಹೆಸರಿನಲ್ಲಿ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಇರಬಹುದು. ಕಾಗುಣಿತದ ಚಿಹ್ನೆಗಳು ಅದರ ಲೆಕ್ಕದಲ್ಲಿ ಅಕ್ಷರಗಳಲ್ಲ. ‘ದರ’ ನಡೆಯುತ್ತದೆ, ‘ಒಟ್ಟು’ ನಡೆಯುವುದಿಲ್ಲ. ಜೊತೆಗೆ, ಪ್ಯಾಕೇಜಿನ ಹೊರಗೆ ಕಾಣಬೇಕಾದ ಹೆಸರು ಇಂಗ್ಲಿಷಿನ ದೊಡ್ಡಕ್ಷರದಂಥ ಅಕ್ಷರದಿಂದ ಶುರುವಾಗಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲದ ಕಾರಣ ‘ದರ’ ಎಂದೆಂದೂ ಪ್ಯಾಕೇಜಿನೊಳಗೇ ಉಳಿಯುತ್ತದೆ. ಲಿಪಿಯೊಂದರ ಗುಣವನ್ನು ಭಾಷೆಯ ನಿಯಮ ಮಾಡಿದ್ದರ ಫಲ ಇದು, ನಮ್ಮಂಥವರಿಗೆ ನ್ಯಾಯವಲ್ಲ. ಸದ್ಯಕ್ಕೆ ಹೊರಗೆ ಕಾಣಬೇಕಾದ ಹೆಸರಿನ ಮುಂದೆ ಒಂದು ಇಂಗ್ಲಿಷ್ ದೊಡ್ಡಕ್ಷರ ಅಂಟಿಸಬೇಕು.

ಬೇಕೆಂದೇ ಮರೆಮಾಡುವುದು

ಪ್ರೈವೇಟ್ ಹಾಕುವುದು ಗುಟ್ಟು ಕಾಯಲು ಅಲ್ಲ. ಜಾವಾದ ಪ್ರೈವೇಟ್ ಫೀಲ್ಡಿನಲ್ಲಿ ಬರೆದಿಟ್ಟ ಪಾಸ್‌ವರ್ಡ್ ಕಂಪೈಲ್ ಆದ ಕ್ಲಾಸ್ ಫೈಲಿನಲ್ಲಿ ಹಾಗೇ ಕೂತಿರುತ್ತದೆ, ತೆರೆದವರು ಓದಬಹುದು. ಪೈಥಾನಿನಲ್ಲಿ ‘ಖಾತೆ’ ಕ್ಲಾಸಿನೊಳಗೆ ಎರಡು ಅಡಿಗೆರೆ ಹಾಕಿ ‘__ಬಾಕಿ’ ಎಂದರೆ ಅದು ‘_ಖಾತೆ__ಬಾಕಿ’ ಎಂದು ಬದಲಾಗುತ್ತದೆ, ಅಷ್ಟೇ. ಕೆಳಗಿನ ಕ್ಲಾಸಿನ ಹೆಸರಿಗೆ ತಾಕದಿರಲೆಂದು ಇದೆ ಆ ಏರ್ಪಾಡು. ಮರೆಮಾಡುವ ನಿಜವಾದ ಕಾರಣ, ಮುಂದೆ ಒಳಗಿನದನ್ನು ಬದಲಾಯಿಸುವ ಸ್ವಾತಂತ್ರ್ಯ ಉಳಿಸಿಕೊಳ್ಳುವುದು: ಬಾಕಿಯನ್ನು ರೂಪಾಯಿಯಿಂದ ಪೈಸೆ ಲೆಕ್ಕಕ್ಕೆ ತರಬೇಕಾದಾಗ ಅದನ್ನು ನೇರವಾಗಿ ಮುಟ್ಟುವವರು ಹೊರಗೆ ಯಾರೂ ಇರಬಾರದು. ಎಲ್ಲವನ್ನೂ ಪ್ರೈವೇಟ್‌ನಿಂದಲೇ ಶುರು ಮಾಡಿ, ಯಾರಾದರೂ ಕೇಳಿದಾಗ ತೆರೆಯಿರಿ. ತೆರೆದದ್ದನ್ನು ಮತ್ತೆ ಮುಚ್ಚುವುದು ಬಹಳ ಕಷ್ಟ.

ಹೆಸರನ್ನು ಹೆಸರಿನಿಂದ ಮರೆಮಾಡುವುದೂ ಯಾವಾಗಲೂ ತಪ್ಪಲ್ಲ. ರಸ್ಟ್‌ನಲ್ಲಿ ‘ಲೆಟ್ ತೂಕ = ತೂಕ.ಟ್ರಿಮ್()’ ಎಂದು ಅದೇ ಹೆಸರನ್ನು ಮತ್ತೆ ಬಳಸುವುದು ರೂಢಿ, ಮತ್ತು ಒಳ್ಳೆಯದು. ಹಳೆಯ, ಶುಚಿ ಮಾಡದ ಬೆಲೆ ಕೈಗೆ ಸಿಗದಂತಾಗುತ್ತದೆ. ಎರಡೂ ಒಂದೇ ವಸ್ತುವಿನ ಎರಡು ಹಂತವಾದರೆ ಸರಿ, ಬೇರೆ ಬೇರೆ ವಸ್ತುವಾದರೆ ಹೆಸರು ಬದಲಾಯಿಸಿ.

ಅನುಮಾನ ಬಂದಾಗ ಹುಡುಕುವ ಕ್ರಮ

ಮೊದಲು, ಪಠ್ಯ ಹುಡುಕಬೇಡಿ. ತಪ್ಪಾಗಿ ನಡೆಯುತ್ತಿರುವ ಸಾಲಿನಲ್ಲೇ ಹೆಸರಿನ ಮೇಲೆ ಕರ್ಸರ್ ಇಟ್ಟು ಅದರ ಘೋಷಣೆಗೆ ಹೋಗಿ. ವಿಎಸ್ ಕೋಡ್‌ನಲ್ಲಿ ಎಫ್12. ನೀವು ಅಂದುಕೊಂಡ ಜಾಗಕ್ಕೆ ಹೋಗದಿದ್ದರೆ ದೋಷ ಸಿಕ್ಕಂತೆ. ಎರಡನೆಯದು, ಆ ಘೋಷಣೆಗೆ ಎಫ್2 ಒತ್ತಿ ವಿಚಿತ್ರ ಹೆಸರು ಕೊಡಿ. ಎಡಿಟರ್ ಬದಲಾಯಿಸಿದ ಸಾಲುಗಳು ಅದಕ್ಕೆ ಸೇರಿದವು, ಹಳೆಯ ಹೆಸರಲ್ಲೇ ಉಳಿದವು ಬೇರೆಯದಕ್ಕೆ ಸೇರಿದವು. ಪೈಥಾನ್, ಜಾವಾಸ್ಕ್ರಿಪ್ಟಿನಲ್ಲಿ ಎಡಿಟರ್ ಎಲ್ಲವನ್ನೂ ಹಿಡಿಯಲಾರದು, ಅಲ್ಲಿ ಎರಡೂ ಜಾಗದಲ್ಲಿ ಬೆಲೆ ಪ್ರಿಂಟ್ ಮಾಡಿ ಹೋಲಿಸಿ.

ಆಮೇಲೆ ಎಚ್ಚರಿಕೆಗಳನ್ನು ಆನ್ ಮಾಡಿ, ಏಕೆಂದರೆ ಇವುಗಳಲ್ಲಿ ಹಲವು ತಾವಾಗಿ ಆನ್ ಆಗಿರುವುದಿಲ್ಲ. ಸಿ, ಸಿ++ ಕಂಪೈಲರ್ ಆದ ಜಿಸಿಸಿಯಲ್ಲಿ ಇದಕ್ಕಿರುವ ‘ಡಬ್ಲ್ಯೂ ಶ್ಯಾಡೋ’ ಆಯ್ಕೆ, ‘ಡಬ್ಲ್ಯೂ ಆಲ್’ ಮತ್ತು ‘ಡಬ್ಲ್ಯೂ ಎಕ್ಸ್‌ಟ್ರಾ’ ಎರಡರಲ್ಲೂ ಸೇರಿಲ್ಲ, ಬೇರೆಯಾಗಿ ಬರೆಯಬೇಕು. ಜಾವಾಸ್ಕ್ರಿಪ್ಟ್ ಕೋಡನ್ನು ತಪಾಸಿಸುವ ಇಎಸ್‌ಲಿಂಟಿನ ‘ನೋ-ಶ್ಯಾಡೋ’ ನಿಯಮ ಅದರ ಶಿಫಾರಸು ಪಟ್ಟಿಯಲ್ಲಿಲ್ಲ. ಪೈಥಾನಿಗಿರುವ ಪೈಲಿಂಟ್‌ನಲ್ಲಿ ಡಬ್ಲ್ಯೂ0621 ಹೊರಗಿನ ಹೆಸರು ಮರೆಯಾದಾಗ, ಡಬ್ಲ್ಯೂ0622 ಬಿಲ್ಟ್‌ಇನ್ ಮರೆಯಾದಾಗ ಬರುತ್ತದೆ. ಜಾವಾಕ್ಕೆ ಚೆಕ್‌ಸ್ಟೈಲಿನಲ್ಲಿ ‘ಹಿಡನ್ ಫೀಲ್ಡ್’ ಎಂಬ ತಪಾಸಣೆ ಇದೆ. ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರ್‌ಗಳಿಗೆ ಅದರಿಂದ ವಿನಾಯಿತಿ ಕೊಡಿ, ಇಲ್ಲದಿದ್ದರೆ ಸುಳ್ಳು ಎಚ್ಚರಿಕೆಗಳಲ್ಲಿ ನಿಜವಾದವು ಮುಳುಗುತ್ತವೆ.

ವರ್ಷಗಟ್ಟಲೆ ಬೆಳೆದ ಕೋಡಿಗೆ ಇದನ್ನೆಲ್ಲ ಒಮ್ಮೆಲೇ ಆನ್ ಮಾಡಿದರೆ ನೂರಾರು ಸಾಲು ಎಚ್ಚರಿಕೆ ಸುರಿದು, ಎರಡನೇ ದಿನಕ್ಕೆ ಯಾರೋ ಅದನ್ನು ಆಫ್ ಮಾಡುತ್ತಾರೆ. ಹಣ ಮತ್ತು ತೂಕದ ಲೆಕ್ಕ ಇರುವ ಫೈಲುಗಳಿಂದ ಶುರು ಮಾಡಿ. ಜಿಸಿಸಿಯಲ್ಲಿ ಮೊದಲು ‘ಡಬ್ಲ್ಯೂ ಶ್ಯಾಡೋ = ಲೋಕಲ್’ ರೂಪ ಹಾಕಿ, ಅದು ಲೋಕಲ್ ಲೋಕಲನ್ನು ಮರೆಮಾಡಿದ ಕಡೆ ಮಾತ್ರ ಹೇಳುತ್ತದೆ. ಅವು ಸೊನ್ನೆಗೆ ಬಂದ ಮೇಲೆ ಎಚ್ಚರಿಕೆಯನ್ನು ಎರರ್ ಮಾಡಿ, ನಂತರ ಮುಂದಿನ ಫೈಲಿಗೆ ಹೋಗಿ. ಸ್ಟೋರ್ಡ್ ಪ್ರೊಸೀಜರುಗಳನ್ನು ಮಾತ್ರ ಈ ಸರದಿಗೆ ಕಾಯಿಸದೆ ಇವತ್ತೇ ತೆರೆದು, ಪ್ಯಾರಾಮೀಟರ್ ಮತ್ತು ಕಾಲಂ ಹೆಸರು ಒಂದೇ ಇರುವ ಕಡೆಗಳನ್ನು ಒಂದೊಂದಾಗಿ ಬದಲಾಯಿಸಿ.